ಕೆಮ್ಮಣ್ಣಿನ ಗುರುತು

ಅವರ ನಿವೃತ್ತಿಯ ಬೀಳ್ಕೊಡುಗೆಗೆ ನನ್ನನ್ನು ಯಾರೂ ಕರೆದಿರಲಿಲ್ಲ. ಕರೆಯಲು ಕಾರಣವೂ ಇರಲಿಲ್ಲ. ಏಳು ವರ್ಷದ ಹಿಂದೆ ದೂರು ಬರೆದು ಅವರನ್ನು ಧರ್ಮಪುರದ ಕಡೆಯಿಂದ ಎತ್ತಂಗಡಿ ಮಾಡಿಸಿದವಳು ನಾನೇ. ಯಾರದೋ ವಾಟ್ಸ್ಆ್ಯಪ್ ಸ್ಟೇಟಸ್ಸಿನಲ್ಲಿ ಫ್ಲೆಕ್ಸಿನ ಫೋಟೊ ಕಾಣಿಸಿತು: ಹೊಳಲ್ಕೆರೆ, ಎರಡನೇ ಶನಿವಾರ, ಬೆಳಿಗ್ಗೆ ಹನ್ನೊಂದು. ಅಂದು ಕೋರ್ಟಿಗೆ ರಜೆ. ಹಿರಿಯೂರಿನಲ್ಲಿ ಒಬ್ಬ ವಕೀಲರ ಕೈಕೆಳಗೆ ಜೂನಿಯರ್ ಆಗಿರುವ ನಾನು ಬೆಳಗಿನ ಬಸ್ಸು ಹತ್ತಿದೆ. ಬ್ಯಾಗಿನಲ್ಲಿ ಒಂದು ಹಾಳೆ, ಹಾಳೆಯಲ್ಲಿ ಐದು ಅಂಶ. ಅವರು ವೇದಿಕೆಯ ಮೇಲೆ ನಿಂತು ನಮ್ಮ ಕುರಿಗಳ ವಿಷಯ ಎತ್ತಿದರೆ ಎದ್ದು ಹೇಳಬೇಕಾದ ಉತ್ತರ. ಒಬ್ಬ ಮನುಷ್ಯ ಏಳು ವರ್ಷ ಬಾಯಿ ಮುಚ್ಚಿಕೊಂಡಿದ್ದಾನೆ ಅಂದರೆ ಆತ ತಕ್ಕ ಸಮಯಕ್ಕೆ ಕಾಯುತ್ತಿದ್ದಾನೆ ಎಂದೇ ನಾನು ಕಲಿತದ್ದು.

ಕುರಿ ಸಾಕುವವರ ನಮ್ಮ ಹಟ್ಟಿಯಲ್ಲಿ ಅವರಿಗೆ ‘ಕುರಿ ಡಾಕ್ಟ್ರು’ ಎನ್ನುತ್ತಿದ್ದರು. ಅವರು ಡಾಕ್ಟರಲ್ಲ. ಪಶು ಆಸ್ಪತ್ರೆಯಲ್ಲಿ ಡಾಕ್ಟರ ಕೆಳಗಿನ ಹುದ್ದೆ. “ನಾನು ಡಾಕ್ಟ್ರಲ್ಲ ಯಜಮಾನ್ರೆ, ಡಾಕ್ಟ್ರು ಹೇಳಿದ್ದನ್ನ ಮಾಡೋನು” ಎಂದು ಪ್ರತಿಸಲವೂ ತಿದ್ದುತ್ತಿದ್ದರು. ತಿದ್ದಿದಷ್ಟೂ ಜನ ಇನ್ನೊಂದು ಹಿಡಿ ಮರ್ಯಾದೆ ಜಾಸ್ತಿ ಕೊಡುತ್ತಿದ್ದರು. ಅದು ಅವರಿಗೆ ಗೊತ್ತಿಲ್ಲದೆ ಇರುತ್ತದೆಯೇ? ಹಾಗೆಂದು ನಾನು ಆಗ ಕೇಳಿಕೊಂಡಿದ್ದೆ.

ಚಿತ್ರದುರ್ಗದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಹುಚ್ಚಿಗೆ ಬಿದ್ದವಳು ನಾನು. ಎದುರಿನವರು ಮಾಡಿದ್ದೆಲ್ಲದರ ಹಿಂದೆ ಏನು ಲಾಭ ಎಂದು ಹುಡುಕುವುದು ನನಗೆ ಅಭ್ಯಾಸವಾಗಿ ಹೋಗಿತ್ತು. ಅವರು ಕ್ರೈಸ್ತರು ಎಂದು ಗೊತ್ತಾದ ಮೇಲಂತೂ ಹುಡುಕುವುದು ಸುಲಭವಾಯಿತು. ಕೊರಳಲ್ಲಿ ಶಿಲುಬೆ ಇರಲಿಲ್ಲ, ಬೈಕಿನ ಮೇಲೆ ಬೈಬಲ್ ವಚನದ ಸ್ಟಿಕ್ಕರ್ ಇರಲಿಲ್ಲ, ಮಾತಿನಲ್ಲಿ ದೇವರು ಬರುತ್ತಿರಲಿಲ್ಲ. ಇಷ್ಟೊಂದು ಇಲ್ಲಗಳು ಒಬ್ಬನಲ್ಲೇ ಸೇರಿದರೆ ಅದು ಮುಚ್ಚಿಡುವ ಪ್ರಯತ್ನವಲ್ಲದೆ ಇನ್ನೇನು?

ನಮ್ಮಲ್ಲಿ ಕುರಿಗಳನ್ನು ಕೂಡಿಹಾಕುವ ರೊಪ್ಪದೊಳಗೆ ಚಪ್ಪಲಿ ಹಾಕಿಕೊಂಡು ಹೋಗುವುದಿಲ್ಲ. ಯಾರೂ ಹೇಳಿಕೊಡದೆ ಅವರು ಮೊದಲ ದಿನವೇ ಬಾಗಿಲಲ್ಲಿ ಶೂ ಬಿಚ್ಚಿಟ್ಟರು. ಎಳೆಮರಿಗಳು ಬೆದರುತ್ತವೆಂದು ಬೈಕನ್ನು ಬೇವಿನ ಮರದ ಹತ್ತಿರವೇ ಆರಿಸಿ ಅಲ್ಲಿಂದ ತಳ್ಳಿಕೊಂಡು ಬರುತ್ತಿದ್ದರು. ಕುರಿ ಮುಟ್ಟುವ ಮೊದಲೊಮ್ಮೆ, ಮುಟ್ಟಿದ ಮೇಲೊಮ್ಮೆ ಕೈ ತೊಳೆಯುತ್ತಿದ್ದರು. ಯಾವ ಕುರಿಯನ್ನು ನೋಡಿ ಮುಗಿಸಿದರೂ ಎದ್ದು ನಿಂತು, “ಇನ್ನೊಂದ್ಸಲ ನೋಡಾಣ” ಎಂದು ಮತ್ತೆ ಮೊಣಕಾಲೂರುತ್ತಿದ್ದರು. ಆ ಮೊಣಕಾಲೇ ನನ್ನ ಮೊದಲ ಸಾಕ್ಷ್ಯ. ಕಾಯಿಲೆ ಬಿದ್ದ ಕುರಿಯ ಪಕ್ಕ ಮೊಣಕಾಲೂರಿ, ಕಣ್ಣು ಅರ್ಧ ಮುಚ್ಚಿ, ತುಟಿ ಅಲ್ಲಾಡಿಸುತ್ತಿದ್ದರು.

ಒಂದು ದಿನ ನೇರವಾಗಿ ಕೇಳಿಯೇಬಿಟ್ಟೆ.

“ಸಾರ್, ಅದೇನು ಮಂತ್ರ ಹೇಳ್ತೀರಿ ಕುರಿ ಕಿವೀಲಿ?”

“ಉಸಿರು ಎಣಿಸ್ತೀನಮ್ಮ. ನಿಮಿಷಕ್ಕೆ ಎಷ್ಟು ಅಂತ.”

“ಅಷ್ಟೇನಾ? ಪ್ರಾರ್ಥನೆ ಅಲ್ವಾ?”

ಸ್ವಲ್ಪ ಯೋಚಿಸಿದರು. “ಒಂದೊಂದ್ಸಲ ಅದೂ ಬಂದ್‌ಬಿಡ್ತೈತೆ. ಬಂದ್ರೆ ಎಣಿಕೆ ತಪ್ಪಿ ಮೊದ್ಲಿಂದ ಎಣಿಸ್ಬೇಕಾಗ್ತೈತೆ. ಅದಕ್ಕೇ ಜಾಸ್ತಿ ಮಾಡಲ್ಲ.”

ಅಜ್ಜಿ ನಕ್ಕಳು. “ನಿನ್ ಪಾಟೀಸವಾಲು ಸಾಕ್ಮಾಡು ಲೇ. ಕುರಿ ಉಸಿರಾಡ್ಲಿ ಬಿಡು.” ಅಂದಿನಿಂದ ಅವರು ನನ್ನನ್ನು ‘ಲಾಯರಮ್ಮ’ ಎಂದು ಕರೆಯತೊಡಗಿದರು. ನಾನಾಗ ಬಿ.ಎ. ಎರಡನೇ ವರ್ಷ. ಕಾನೂನು ಓದುವ ಯೋಚನೆ ನನಗೇ ಇನ್ನೂ ಬಂದಿರಲಿಲ್ಲ.

ಅವರ ಚರ್ಚಿಗೂ ಹೋಗಿದ್ದೆ, ಭಕ್ತಿಗಲ್ಲ, ಪತ್ತೇದಾರಿಕೆಗೆ. ಹಿರಿಯೂರಿನಲ್ಲಿ ಗೆಳತಿಯ ಮನೆಗೆಂದು ಹೋದ ಒಂದು ಭಾನುವಾರ ಕಿಟಕಿಯ ಹೊರಗೆ ನಿಂತು ಕೇಳಿದೆ. ಆರಾಧನೆಯ ನಡುವೆ ಒಬ್ಬೊಬ್ಬರೇ ಎದ್ದು ಸಾಕ್ಷಿ ಹೇಳುವ ಪದ್ಧತಿ ಅವರಲ್ಲಿದೆ. ಆ ವಾರ ದೇವರು ತಮ್ಮಿಂದ ಏನು ಮಾಡಿಸಿದ ಎಂಬುದನ್ನು ಎಲ್ಲರೆದುರು ಹೇಳಬೇಕು. ರೇಷ್ಮೆ ಜುಬ್ಬದ ಹಿರಿಯರೊಬ್ಬರು ತಾವು ಹಂಚಿದ ಕಂಬಳಿಗಳ ವಿಷಯವನ್ನು ಕಂಬಳಿಗಿಂತ ಉದ್ದವಾಗಿ ಹೇಳಿದರು. ಆಮೇಲೆ ಪಾದ್ರಿಗಳು ಇವರ ಕಡೆ ತಿರುಗಿ, “ನಮ್ಮ ಸಹೋದರರು ಹಟ್ಟಿ ಹಟ್ಟಿಗೆ ಹೋಗ್ತಾರೆ, ಅವರ ಸಾಕ್ಷಿ ಕೇಳೋಣ” ಎಂದರು. ನಾನು ಕಿಟಕಿಗೆ ಕಿವಿ ಹಚ್ಚಿದೆ. ಇವರು ಎದ್ದು ನಿಂತು, “ಹೇಳೋವಂಥದ್ದೇನಿಲ್ಲ ಅಯ್ನೋರೆ. ಈ ವಾರ ಕುರಿಗಳಿಗೆ ಭೇದಿ ಜಾಸ್ತಿ ಐತೆ” ಎಂದು ಕುಳಿತುಬಿಟ್ಟರು. ಒಳಗೆ ಕೆಲವರು ನಕ್ಕರು. ನಾನು ನಗಲಿಲ್ಲ. ಕಿಟಕಿಯಲ್ಲಿ ನನ್ನನ್ನು ನೋಡಿರಬೇಕು ಎಂದುಕೊಂಡೆ. ಹೇಳಿದ್ದರೆ ಪ್ರಚಾರ, ಹೇಳದಿದ್ದರೆ ಗುಟ್ಟು: ನನ್ನ ವಾದ ಎರಡೂ ಕಡೆಯಿಂದ ಭದ್ರವಾಗಿತ್ತು. ಎದುರಿನವನು ಏನೇ ಮಾಡಿದರೂ ಸೋಲದ ವಾದದಲ್ಲಿ ಏನೋ ದೋಷವಿದೆ ಎಂದು ನನಗೆ ಆಗ ಯಾರೂ ಕಲಿಸಿರಲಿಲ್ಲ.

ಇನ್ನು ಆ ಕುರಿಗಳ ವಿಷಯ. ಇದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಆ ವರ್ಷ ಪರೀಕ್ಷೆ ಮುಗಿಸಿ ಊರಿಗೆ ಬಂದಿದ್ದೆ. ಅಪ್ಪನಿಗೆ ನನ್ನ ಓದು ಸಾಕಾಗಿತ್ತು. ತುರುವನೂರಿನ ಕಡೆ ಒಂದು ಗಂಡು ನೋಡಿದ್ದ. “ಮಾತಾಡದು ಕಲ್ತವ್ಳೆ, ಕೈಯಾಗೆ ಒಂದು ಕೆಲ್ಸ ಇಲ್ಲ. ಮುಂದಿನ ವರ್ಷ ಓದ್ಸೋದು ನೋಡಾಣ ಬಿಡ್ರಿ” ಎಂದು ಸಂಜೆ ರೊಪ್ಪದಲ್ಲಿ ಕುರಿ ಡಾಕ್ಟ್ರ ಎದುರಿಗೇ ಹೇಳಿದ. ಅಂದು ಅವರು ಕುರಿಗಳಿಗೆ ಜಂತಿನ ಔಷಧ ಕುಡಿಸುತ್ತಿದ್ದರು. ಕುಡಿಸಿದ ಪ್ರತಿ ಕುರಿಯ ಬೆನ್ನಿಗೂ ನೆನೆಸಿದ ಕೆಮ್ಮಣ್ಣಿನಲ್ಲಿ ಒಂದು ಗುರುತು. ಅರ್ಧ ಮಂದೆ ಮುಗಿಯುವಷ್ಟರಲ್ಲಿ, ಪಕ್ಕದ ಹಳ್ಳಿಯಲ್ಲಿ ಹಸುವೊಂದಕ್ಕೆ ಕರು ಅಡ್ಡ ಬಂದಿದೆ ಎಂದು ಫೋನು ಬಂತು.

“ಉಳಿದಿದ್ದಕ್ಕೆ ಬೆಳಿಗ್ಗೆ ನಾನೇ ಕುಡಿಸ್ತೀನಿ ಸಾರ್” ಎಂದೆ, ಅಪ್ಪನಿಗೆ ಕೇಳಿಸುವಂತೆ.

ಅವರು ಸೂಜಿಯಿಲ್ಲದ ದೊಡ್ಡ ಸಿರಿಂಜನ್ನು ನನ್ನ ಕೈಗೆ ಕೊಟ್ಟು ಎಷ್ಟು ಗೆರೆಗೆ ಎಳೆಯಬೇಕು ಎಂದು ತೋರಿಸಿದರು. “ಗುರುತಿಲ್ಲದವಕ್ಕೆ ಮಾತ್ರ ಹಾಕು ಲಾಯರಮ್ಮ. ಬಡಕಲು ಕುರಿ, ಎರಡು ಸಲ ಬಿದ್ರೆ ತಡ್ಕಳಲ್ಲ. ಅನುಮಾನ ಬಂದ್ರೆ ಬಿಟ್‌ಬಿಡು, ನಾನು ಬರ್ತೀನಿ.”

ಬೆಳಿಗ್ಗೆ ನಾನು ಏಳುವ ಮೊದಲೇ ಕಂಬಳಿ ನೇಯುವವರು ಉಣ್ಣೆಗೆಂದು ಬಂದಿದ್ದರು. ಅಜ್ಜಿ ಕತ್ತರಿ ತೆಗೆದುಕೊಂಡು ಕೈಗೆ ಸಿಕ್ಕ ಎಂಟು ಕುರಿಗಳ ಉಣ್ಣೆ ಕತ್ತರಿಸಿ ಕೊಟ್ಟಿದ್ದಳು. ಉಣ್ಣೆಯ ಜೊತೆ ಅವುಗಳ ಬೆನ್ನಿನ ಕೆಮ್ಮಣ್ಣೂ ಹೋಗಿತ್ತು. ನಾನು ಸಿರಿಂಜು ಹಿಡಿದು ರೊಪ್ಪಕ್ಕೆ ಹೋದಾಗ ಆ ಎಂಟೂ ಬೋಳು ಬೆನ್ನಿನಲ್ಲಿ ನಿಂತಿದ್ದವು. ಗುರುತಿಲ್ಲ, ಆದ್ದರಿಂದ ಔಷಧ ಬಿದ್ದಿಲ್ಲ. ತರ್ಕದಲ್ಲಿ ಒಂದು ಎಳೆಯೂ ಸಡಿಲವಿರಲಿಲ್ಲ. ಹಟ್ಟಿಯಲ್ಲೆಲ್ಲ ಅನುಮಾನಕ್ಕೆ ಹೆಸರಾದವಳು ನಾನು. ಬರಬೇಕಾದ ಆ ಒಂದು ಬೆಳಿಗ್ಗೆ ನನಗೆ ಅನುಮಾನ ಬರಲಿಲ್ಲ.

ಮಧ್ಯಾಹ್ನದೊಳಗೆ ಆ ಎಂಟರಲ್ಲಿ ಐದು ಕುರಿ ಬಾಯಲ್ಲಿ ನೊರೆ ಬಿಟ್ಟು, ಕಾಲು ನಡುಗಿಸಿ ಸತ್ತವು. ಆರನೆಯದು ನೆಲ ಹಿಡಿದಿತ್ತು, ಉಳಿದೆರಡು ಹೇಗೋ ತಡೆದುಕೊಂಡಿದ್ದವು. ಅವರು ಬಂದರು, ಬೈಕನ್ನು ಅವತ್ತೂ ಬೇವಿನ ಮರದ ಹತ್ತಿರವೇ ಆರಿಸಿ ತಳ್ಳಿಕೊಂಡು ಬಂದರು. ಆರನೆಯ ಕುರಿಯ ಪಕ್ಕ ಮೊಣಕಾಲೂರಿ ಬೋಳು ಬೆನ್ನಿನ ಮೇಲೆ ಹೆಬ್ಬೆರಳು ಉಜ್ಜಿದರು. ಕೂದಲಿನ ಬುಡದಲ್ಲಿ ಕೆಂಪು ಇನ್ನೂ ಸ್ವಲ್ಪ ಉಳಿದಿತ್ತು. ಹೆಬ್ಬೆರಳು ನೋಡಿಕೊಂಡರು. ಕಂಬಕ್ಕೆ ನೇತುಹಾಕಿದ್ದ ಕತ್ತರಿ ನೋಡಿದರು. ಆಮೇಲೆ ನನ್ನ ಕೈಯ ಸಿರಿಂಜು.

ನನಗೆ ಗೊತ್ತಾಗಿದ್ದು ಆ ಕ್ಷಣ. ಆಮೇಲೆ ಗೊತ್ತಾಯಿತು ಎಂದು ಬರೆದರೆ ಸುಳ್ಳಾಗುತ್ತದೆ.

“ಏನಾತು ಡಾಕ್ಟ್ರೇ?” ಅಪ್ಪ ಕೇಳಿದ.

“ಔಷಧ ಎರಡು ಸಲ ಬಿದ್ದೈತೆ ಯಜಮಾನ್ರೆ. ನನ್ನ ತಪ್ಪು. ಗುರುತು ಸರಿಯಾಗಿ ಹಾಕ್ಲಿಲ್ಲ ನಾನು.”

ಅಷ್ಟೇ ಹೇಳಿ ಮತ್ತೆ ಕುರಿಯ ಕಡೆ ಬಾಗಿದರು. ಗುರುತೇ ಸರಿ ಇಲ್ಲದಿದ್ದರೆ ಹುಡುಗಿಗೆ ಹೇಗೆ ಗೊತ್ತಾಗಬೇಕು ಎಂದು ಅಪ್ಪ ಅವರನ್ನೇ ಬೈದ. ಕತ್ತಲಾಗುವವರೆಗೂ ಏಳಲಿಲ್ಲ. ಆರನೆಯದು ಉಳಿಯಿತು.

ಹೊರಗೆ ಜನ ಸೇರಿತ್ತು. ಯಾರೋ, “ಪ್ರಾರ್ಥನೆ ಮಾಡಿ ಮಾಡಿ ನಮ್ ಕುರೀನೇ ಕೊಂದ” ಎಂದ. ನಾನು ಆ ಮಾತನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಎದುರಾಳಿ ಒಪ್ಪಿಕೊಂಡಿದ್ದಾನೆ, ಅವನು ಮಾತು ಬದಲಿಸುವ ಮೊದಲು, ಯಾರಾದರೂ ಸಿರಿಂಜು ಯಾರ ಕೈಯಲ್ಲಿತ್ತು ಎಂದು ಕೇಳುವ ಮೊದಲು, ಅದನ್ನು ಕಾಗದದ ಮೇಲೆ ಕಟ್ಟಿಹಾಕಬೇಕಿತ್ತು. ಮರುದಿನವೇ ಅವರ ಇಲಾಖೆಗೆ ಅರ್ಜಿ ಬರೆದೆ. ಮೊದಲ ಪ್ಯಾರಾ: ಕರ್ತವ್ಯದಲ್ಲಿ ನಿರ್ಲಕ್ಷ್ಯ. ಎರಡನೆಯದು: ಚಿಕಿತ್ಸೆಯ ನೆಪದಲ್ಲಿ ಪ್ರಾರ್ಥನೆ, ಅಮಾಯಕ ಜನರನ್ನು ಒಳಗೆ ಹಾಕಿಕೊಳ್ಳುವ ತಂತ್ರ. ಎರಡನೆಯದು ತುಂಬ ಚೆನ್ನಾಗಿ ಬಂದಿತ್ತು. ಇಪ್ಪತ್ತೆರಡು ಜನ ಸಹಿ ಹಾಕಿದರು. ಅಜ್ಜಿ ಮಾತ್ರ ಹೆಬ್ಬೆಟ್ಟು ಒತ್ತಲಿಲ್ಲ.

“ಯಾಕಜ್ಜಿ?”

“ನನ್ ಕೈಗೆ ಬೇರೆ ಕೆಲ್ಸ ಐತೆ” ಎಂದು ಎದ್ದು ಹೋದಳು. ವಯಸ್ಸಾದವರ ಮೊಂಡುತನ ಎಂದು ಬಿಟ್ಟೆ.

ವಿಚಾರಣೆ ನಮ್ಮ ಶಾಲೆಯ ಜಗುಲಿಯಲ್ಲಿ ನಡೆಯಿತು. ಮೇಲಿನಿಂದ ಬಂದ ಅಧಿಕಾರಿ ಎರಡನೆಯ ಪ್ಯಾರಾ ಓದಿ ಕೇಳಿದರು: “ನೀವು ಇಲ್ಲಿ ಪ್ರಾರ್ಥನೆ ಮಾಡಿದ್ದು ನಿಜಾನಾ?”

“ಮನಸ್ಸಲ್ಲಿ ಮಾಡಿದ್ದುಂಟು ಸಾರ್. ಕುರಿ ಉಳೀಲಿ ಅಂತ.”

“ಇವರನ್ನ ನಿಮ್ಮ ಧರ್ಮಕ್ಕೆ ಕರೆದಿದ್ರಾ?”

ಉತ್ತರ ಕೊಟ್ಟಿದ್ದು ಅಪ್ಪ. “ಇಲ್ಲ ಸಾ. ಅಂಗೆಲ್ಲ ಏನೂ ಇಲ್ಲ. ಸುಳ್ಳು ಯಾಕೆ ಹೇಳದು?” ಸಹಿ ಹಾಕಿದ್ದ ಇಪ್ಪತ್ತೆರಡು ಜನವೂ ತಲೆ ಅಲ್ಲಾಡಿಸಿದರು. ನನ್ನ ಚೆಂದದ ಪ್ಯಾರಾ ಬಿದ್ದುಹೋಯಿತು. ಉಳಿದದ್ದು ನಿರ್ಲಕ್ಷ್ಯ. ಅದನ್ನು ಅವರೇ ಒಪ್ಪಿಕೊಂಡಿದ್ದರಲ್ಲ, ವಾದವೇ ಬೇಕಾಗಲಿಲ್ಲ. ಸೇವಾ ಪುಸ್ತಕದಲ್ಲಿ ಕೆಂಪು ಶಾಯಿಯ ಒಂದು ಷರಾ ಬಿತ್ತು. ಅವರು ಹೊಸದುರ್ಗದ ಕಡೆ ಹೋದರು, ಅಲ್ಲಿಂದ ಮುಂದೆ ಹೊಳಲ್ಕೆರೆಗೆ. ‘ಕುರಿ ಕೊಂದೋನು’ ಎಂಬ ಹೆಸರು ನಮ್ಮ ಹಟ್ಟಿಯಲ್ಲಿ ಉಳಿಯಿತು.

ನಾನು ಕಾಲೇಜಿಗೆ ಹೋದೆ. ತುರುವನೂರಿನ ಗಂಡಿನ ಮಾತು ನಿಂತಿತು. ಅಧಿಕಾರಿಯ ಎದುರು ಅಳುಕದೆ ನಿಂತ ಮಗಳ ಬಗ್ಗೆ ಅಪ್ಪನಿಗೆ ಹೆಮ್ಮೆ ಬಂದಿತ್ತು. ಅದೇ ವರ್ಷ ಚರ್ಚಾಸ್ಪರ್ಧೆಯಲ್ಲಿ ದೊಡ್ಡ ಕಪ್ಪು ಗೆದ್ದು ತಂದೆ. ಅಜ್ಜಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಇದ್ರಾಗೆ ಕಾಫಿನೂ ಕುಡಿಯಕ್ಕಾಗಲ್ಲ” ಎಂದು ರೊಪ್ಪಕ್ಕೆ ಒಯ್ದು ಕೆಮ್ಮಣ್ಣು ನೆನೆಹಾಕಲು ಇಟ್ಟುಕೊಂಡಳು. ಆ ವರ್ಷದಿಂದ ನಮ್ಮ ಮನೆಯ ಕುರಿಗಳಿಗೆ ಗುರುತನ್ನು ಮುಖಕ್ಕೆ ಹಾಕುವುದು ರೂಢಿಯಾಯಿತು. ಯಾಕೆ ಎಂದು ನಾನು ಕೇಳಲಿಲ್ಲ. ಕೇಳುವುದೇ ನನ್ನ ವೃತ್ತಿಯಾಗಲಿದ್ದರೂ ಅದೊಂದನ್ನು ಕೇಳಲಿಲ್ಲ.

ಹೊಳಲ್ಕೆರೆಯ ಸಭಾಂಗಣದಲ್ಲಿ ಪ್ರತಿ ಕುರ್ಚಿಯ ಬೆನ್ನಿಗೂ ದಾನಿಯ ಹೆಸರು ಬರೆದಿತ್ತು. ನಾನು ಹಿಂದಿನ ಸಾಲಿನಲ್ಲಿ ಯಾರದೋ ಔದಾರ್ಯಕ್ಕೆ ಒರಗಿ ಕುಳಿತೆ. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಅವರ ಚರ್ಚಿನ ಸಭೆಯ ಮುಖಂಡರೊಬ್ಬರು ಮೈಕು ಹಿಡಿದು ದೀನತೆಯ ಬಗ್ಗೆ ಅರ್ಧ ಗಂಟೆ ಮಾತಾಡಿದರು. ಕೊನೆಗೆ ಇವರ ಸರದಿ. ತಲೆ ಪೂರ್ತಿ ಬೆಳ್ಳಗಾಗಿತ್ತು. ಹಾರವನ್ನು ತೆಗೆದು ಮೇಜಿನ ಮೇಲಿಟ್ಟರು. ಇಲಾಖೆಗೆ ಹೊಸದಾಗಿ ಸೇರಿದ ನಾಲ್ಕೈದು ಹುಡುಗ ಹುಡುಗಿಯರು ಮುಂದಿನ ಸಾಲಿನಲ್ಲಿದ್ದರು. ಅವರನ್ನೇ ನೋಡಿಕೊಂಡು ಮಾತಾಡಿದರು.

“ಹಿರಿಯೂರು ತಾಲ್ಲೂಕಲ್ಲಿ ಒಂದು ಹಟ್ಟೀಲಿ ನನ್ನಿಂದ ಐದು ಕುರಿ ಸತ್ತವು.”

ನನ್ನ ಕೈ ಬ್ಯಾಗಿನೊಳಗೆ ಹೋಯಿತು. ಬಂತು ಎಂದುಕೊಂಡೆ.

“ಗುರುತನ್ನ ಬೆನ್ನಿಗೆ ಹಾಕಿದ್ದೆ. ಉಣ್ಣೆ ಕತ್ತರಿಸಿದ್ರು, ಗುರುತು ಹೋಯ್ತು. ನೀವು ಮುಖಕ್ಕೆ ಹಾಕ್ರಿ. ಬೆನ್ನಿಗೆ ಹಾಕ್ಬೇಡ್ರಿ.” ಒಂದು ಗಳಿಗೆ ನಿಂತರು. ಇನ್ನೇನಾದರೂ ಇದೆಯೇ ಎಂದು ನೋಡಿಕೊಂಡ ಹಾಗಿತ್ತು. “ಅಷ್ಟೇ. ಊಟಕ್ಕೆ ಹೋಗಾಣ.”

ನಾನು ಬರೆದುಕೊಂಡು ಹೋದ ಐದೂ ಅಂಶ ನನ್ನನ್ನು ಕಾಪಾಡಿಕೊಳ್ಳಲು. ನನ್ನ ಮೇಲೆ ಯಾರೂ ಆರೋಪವನ್ನೇ ಮಾಡಲಿಲ್ಲ.

ಊಟದ ಹಾಲಿನಲ್ಲಿ ಅವರೇ ನನ್ನನ್ನು ಗುರುತು ಹಿಡಿದರು. “ಓ, ಲಾಯರಮ್ಮ! ಬಾ, ಕುಂತ್ಕ. ಅಜ್ಜಿ ಹೆಂಗವ್ರೆ?”

“ಚೆನ್ನಾಗವ್ಳೆ. ಸಾರ್, ನೀವು ಇವತ್ತು ಸುಳ್ಳು ಹೇಳಿದ್ರಿ.”

“ಯಾವುದು?”

“ನಿಮ್ಮಿಂದ ಸತ್ತವು ಅಂದ್ರಲ್ಲ. ಎರಡನೇ ಸಲ ಕುಡಿಸಿದ್ದು ನಾನು.” ಏಳು ವರ್ಷದಲ್ಲಿ ಈ ಮಾತು ನನ್ನ ಬಾಯಿಂದ ಹೊರಗೆ ಬಂದದ್ದು ಅದೇ ಮೊದಲು. ಬಂದ ಮೇಲೆ ಅದು ಇಷ್ಟೇ ಚಿಕ್ಕದೇ ಎನಿಸಿತು.

“ಹೂಂ” ಎಂದು ಅನ್ನಕ್ಕೆ ಸಾರು ಕಲಸಿದರು.

“ಅವತ್ತೇ ಗೊತ್ತಿತ್ತಲ್ವಾ ನಿಮಗೆ? ಮತ್ಯಾಕೆ ಹೇಳ್ಲಿಲ್ಲ?”

“ಉಣ್ಣೆ ಕತ್ತರಿಸೋ ತಿಂಗಳಲ್ಲಿ ಉಣ್ಣೆ ಮೇಲೆ ಗುರುತು ಹಾಕಿದೋನು ನಾನೇ. ಅದು ಸುಳ್ಳಲ್ಲ.”

“ಅರ್ಧ ನಿಜ.”

“ಇನ್ನರ್ಧ ಹೇಳಿದ್ರೆ ನಿಮ್ಮಪ್ಪ ನಿನ್ನ ಪುಸ್ತಕ ಅಟ್ಟಕ್ಕೆ ಹಾಕ್ತಿದ್ರು.”

ಕೃತಜ್ಞತೆ ಬರಬೇಕಿತ್ತು. ಬಂದದ್ದು ಸಿಟ್ಟು. “ಅಂದ್ರೆ ನನ್ನ ತಲೆ ಮೇಲೆ ಉಪಕಾರ ಹೊರಿಸಿದ್ರಿ! ನಾನು ಕೇಳಿದ್ನಾ? ನೀವು ಬಾಯಿ ಬಿಟ್ಟಿದ್ರೆ ನಾನು ಆ ಅರ್ಜಿ ಬರೀತಾನೇ ಇರ್ಲಿಲ್ಲ. ನಿಮ್ಮ ಮೌನದಿಂದ ನಾನು ಸುಳ್ಳುಗಾತಿ ಆದೆ.”

ಈ ವಾದಕ್ಕೆ ನನ್ನ ಸೀನಿಯರ್ ವಕೀಲರೂ ತಡವರಿಸುತ್ತಿದ್ದರು. ಇವರು ಕೈಯ ತುತ್ತನ್ನು ಎಲೆಗೆ ಇಳಿಸಿದರು. “ಹೌದೇನೋ” ಎಂದರು. “ಅದನ್ನ ಯೋಚ್ನೆ ಮಾಡಿರ್ಲಿಲ್ಲ. ಅದೂ ತಪ್ಪೇ.”

ಎಲ್ಲವನ್ನೂ ಒಪ್ಪಿಕೊಳ್ಳುವ ಮನುಷ್ಯನ ಜೊತೆ ಜಗಳವಾಡುವುದು ಹೇಗೆ? ಈ ವಿನಯವೂ ಒಂದು ಪಟ್ಟು ಎಂದೇ ನನ್ನ ಮನಸ್ಸು ಇನ್ನೂ ಹೇಳುತ್ತಿತ್ತು. ಆಗ ಅವರು ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದರು.

“ನಿನ್ನ ಮೇಲೆ ಸಿಟ್ಟು ಬಂದಿತ್ತು ಕಣಮ್ಮ. ಮೊದಲನೇ ಪ್ಯಾರಾಕ್ಕಲ್ಲ. ಎರಡನೇದಕ್ಕೆ. ಪ್ರಾರ್ಥನೇನ ತಂತ್ರ ಅಂದ್ಯಲ್ಲ, ಅದಕ್ಕೆ. ಹೊಸದುರ್ಗದಲ್ಲಿ ಎರಡು ವರ್ಷ ಚರ್ಚಲ್ಲಿ ಕುಂತ್ರೂ ಬಾಯಿಗೆ ಏನೂ ಬರ್ತಿರ್ಲಿಲ್ಲ. ನಿನ್ನ ಹೆಸರೇ ಬರೋದು. ಒಳ್ಳೇದಕ್ಕಲ್ಲ.”

ಅವರನ್ನು ನಾನು ಮೊದಲ ಸಲ ನಂಬಿದ್ದು ಅಲ್ಲಿ. ಕರುಣೆಯನ್ನು ನಟಿಸಬಹುದು, ವಿನಯವನ್ನು ನಟಿಸುವವರನ್ನು ಅರ್ಧ ಗಂಟೆ ಮುಂಚೆಯಷ್ಟೇ ಮೈಕಿನ ಮುಂದೆ ನೋಡಿದ್ದೆ. ಎರಡು ವರ್ಷ ಇಳಿಯದ ಒಂದು ಸಣ್ಣ ಸಿಟ್ಟನ್ನು, ತನ್ನ ಬೀಳ್ಕೊಡುಗೆಯ ದಿನ, ಅದಕ್ಕೆ ಕಾರಣಳಾದವಳ ಪಕ್ಕದಲ್ಲೇ ಕುಳಿತು ಯಾರೂ ನಟಿಸುವುದಿಲ್ಲ. ಒಬ್ಬ ತನಗೆ ತಾನೇ ಕೆಟ್ಟದಾಗುವಂತೆ ಹೇಳಿದ ಮಾತಿಗೆ ಕೋರ್ಟಿನಲ್ಲೂ ಬೆಲೆಯಿದೆ.

“ಆಮೇಲೆ?”

“ಆಮೇಲೇನು, ಇಳೀತು. ಪಾಯಸ ಹಾಕಿಸ್ಕ.”

“ಆ ಷರಾ ತೆಗೆಸಾಣ ಸಾರ್. ನಾನು ಬರೆದುಕೊಡ್ತೀನಿ.”

“ರಿಟೈರ್ ಆದೆ ಬಿಡಮ್ಮ. ಇನ್ಯಾರು ನೋಡ್ತಾರೆ ಅದನ್ನ?” ಎಂದರು. ಎಲೆ ಮಡಿಸಿ ಏಳುವಾಗ ಮಾತ್ರ ಕೇಳಿದರು: “ಆ ಆರನೇ ಕುರಿ ಉಳೀತಲ್ಲ, ಮರಿ ಹಾಕ್ತಾ?”

ಹಾಕಿತ್ತು. ಎರಡು.

ಮರುದಿನ ಭಾನುವಾರ ಹಟ್ಟಿಗೆ ಹೋದೆ. ಬಸ್ಸಿಳಿದು ರೊಪ್ಪದ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ನಿಂತು, ಅಪ್ಪ, ಅಜ್ಜಿ, ಅಕ್ಕಪಕ್ಕದ ಹತ್ತು ಹನ್ನೆರಡು ಜನರ ಎದುರು, ಆ ಷರಾ ತೆಗೆಸಲೆಂದು ರಾತ್ರಿ ಬರೆದ ಎರಡನೆಯ ಅರ್ಜಿಯನ್ನು ಗಟ್ಟಿಯಾಗಿ ಓದಿದೆ. ಇದರಲ್ಲಿ ಒಂದೇ ಪ್ಯಾರಾ. ಸಿರಿಂಜು ಯಾರ ಕೈಯಲ್ಲಿತ್ತು ಎಂಬುದು ಮೊದಲ ವಾಕ್ಯದಲ್ಲೇ ಇತ್ತು; ಗುರುತು ಹಾಕಿಯೇ ಇತ್ತು, ಬೋಳು ಬೆನ್ನು ಕಂಡೂ ನಾನು ಯಾರನ್ನೂ ಕೇಳದೆ ಕುಡಿಸಿದೆ ಎಂಬುದು ಎರಡನೆಯದರಲ್ಲಿ. ಓದುವಾಗ, ವೇದಿಕೆಯೇರಿದ ಕಾಲದ ದನಿ ನನಗೆ ಗೊತ್ತಿಲ್ಲದೆ ಬರತೊಡಗಿತು. ಇದೂ ಒಂದು ಪ್ರದರ್ಶನವೇನೋ ಎಂದು ನನ್ನ ಮೇಲೇ ನನಗೆ ಗುಮಾನಿಯಾಗಿ ದನಿ ಇಳಿಸಿದೆ.

ಅಪ್ಪ ಹಾಳೆ ಇಸಕೊಂಡು ತಿರುವಿ ನೋಡಿದ. ಆಮೇಲೆ, “ಅಂದ್ರೆ ನಿನ್ನ ಓದು ನಮ್ ಐದು ಕುರಿ ತಿಂತು” ಎಂದ.

“ಹೂಂ ಅಪ್ಪ.”

“ಆ ಮನುಷ್ಯನ್ನ ಅನ್ನಬಾರದ್ದೆಲ್ಲ ಅಂದ್ವಲ್ಲೇ!” ಎಂದು ಪೆನ್ನು ಕಿತ್ತುಕೊಂಡು ಸಹಿ ಹಾಕಿದ. ಮಿಕ್ಕವರಲ್ಲಿ ಇಬ್ಬರು ಹಾಕಿದರು. “ಹಳೇದು ಯಾಕೆ ಕೆದಕ್ತೀಯ ಬಿಡವ್ವ” ಎಂದು ಉಳಿದವರು ಒಬ್ಬೊಬ್ಬರೇ ಜಾರಿಕೊಂಡರು. ದೂರಿಗೆ ಇಪ್ಪತ್ತೆರಡು, ನಿಜಕ್ಕೆ ಮೂರು.

ಅಜ್ಜಿ ಅಲ್ಲಿಯವರೆಗೂ ಕಂಬಕ್ಕೊರಗಿ ಕುಳಿತಿದ್ದಳು. “ಓದಿದ್ದು ಮುಗೀತಾ?” ಎಂದಳು.

“ಮುಗೀತಜ್ಜಿ. ನಿನಗೆ ಗೊತ್ತಿತ್ತಾ?”

“ಕತ್ತರಿ ಹಿಡ್ದಿದ್ದು ನಾನಲ್ವೇನೇ? ಉಣ್ಣೆಯಾಗೆ ಕೆಂಪು ನೋಡ್ದೋಳು ನಾನೇ. ನೀನು ಹೇಳ್ತೀಯ ಅಂತ ಕಾದೆ. ತಡ ಮಾಡ್ದೆ ನೀನು.” ಕೈ ಚಾಚಿದಳು. “ಎಲ್ಲಿ ಒತ್ಬೇಕು?”

ಸ್ಟ್ಯಾಂಪ್ ಪ್ಯಾಡು ತಂದಿರಲಿಲ್ಲ. ಹಾಗೆಂದು ಹೇಳಿದೆ. ಅಜ್ಜಿ ಪಕ್ಕದಲ್ಲಿದ್ದ, ನಾನು ಗೆದ್ದು ತಂದ ಕಪ್ಪನ್ನು ಎಳೆದುಕೊಂಡು ಅದರೊಳಗಿನ ನೆನೆದ ಕೆಮ್ಮಣ್ಣಿಗೆ ಹೆಬ್ಬೆರಳು ಅದ್ದಿದಳು. ಒಂದು ಸಲ ಕೊಡವಿ, ನನ್ನ ಹೆಸರಿನ ಕೆಳಗೆ ಒತ್ತಿದಳು.

ಕಚೇರಿಯವರು ಇದನ್ನು ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ. ಒಣಗಲೆಂದು ಹಾಳೆಯನ್ನು ಅಜ್ಜಿಯ ಪಕ್ಕದ ಮೋಟುಗೋಡೆಯ ಮೇಲಿಟ್ಟು, ಗಾಳಿಗೆ ಹಾರದ ಹಾಗೆ ಮೇಲೆ ಉಣ್ಣೆಯ ಕತ್ತರಿ ಇಟ್ಟೆ.